ಹಳೆಯ ಡಕೋಟಾ ಕಿಟ್ ಮತ್ತು ಅದರ ರಿವೆಟ್‌ಗಳು

ಏರ್‌ಫಿಕ್ಸ್ ಕಂಪನಿಯು 1960ರಲ್ಲಿ ಹೊರತಂದ ಡಕೋಟಾ ವಿಮಾನದ ಮಾದರಿಯನ್ನು ಜೋಡಿಸುವ ಪ್ಲಾಸ್ಟಿಕ್ ಕಿಟ್ಟನ್ನು ಇಂದು ಬಿಚ್ಚಿ ಕೂತವರ ಕಣ್ಣಿಗೆ ಮೊದಲು ಬೀಳುವುದು ಅದರ ರಿವೆಟ್‌ಗಳು, ಅಂದರೆ ಲೋಹದ ಹಾಳೆಗಳನ್ನು ಹಿಡಿದಿಡುವ ಮೊಳೆಗಳ ತಲೆಗಳು. ರೆಕ್ಕೆಯ ಮೇಲೆ, ಒಡಲಿನ ಮೇಲೆ, ಬಾಲದ ಮೇಲೆ ಸಾಲುಸಾಲಾಗಿ ಎದ್ದು ನಿಂತ ಸಣ್ಣ ಗುಬಟುಗಳು; ಬೆಳಕಿಗೆ ಓರೆಯಾಗಿ ಹಿಡಿದರೆ ಒಂದೊಂದಕ್ಕೂ ಅದರದೇ ನೆರಳು. ಹಳೆಯ ಕಿಟ್‌ಗಳನ್ನು ಸುಧಾರಿಸಿ ಕಟ್ಟುವ ಹವ್ಯಾಸಿಗಳಲ್ಲಿ ಇವುಗಳ ವಿಷಯದಲ್ಲಿ ಬಹುಕಾಲದಿಂದ ನಡೆದುಬಂದ ಒಂದು ರೂಢಿಯಿದೆ. ಉಪ್ಪುಕಾಗದ ಹಿಡಿದು ಎಲ್ಲವನ್ನೂ ಉಜ್ಜಿ ತೆಗೆಯುವುದು, ಬೋಳಾದ ಮೈಮೇಲೆ ಹಾಳೆಗಳ ಅಂಚನ್ನು ತೋರಿಸುವ ತೆಳುವಾದ ಗೆರೆಗಳನ್ನು ಸೂಜಿಮೊನೆಯಿಂದ ಹೊಸದಾಗಿ ಕೊರೆಯುವುದು. ಡಕೋಟಾದ ಮಟ್ಟಿಗೆ ನಾನು ಈ ರೂಢಿಯನ್ನು ಒಪ್ಪುವುದಿಲ್ಲ. ಈ ವಿಮಾನದ ರಿವೆಟ್‌ಗಳನ್ನು ತಗ್ಗಿಸಬೇಕು, ಅಳಿಸಬಾರದು ಎಂಬುದು ನನ್ನ ನಿಲುವು. ಮೈಸೂರಿನ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಈ ಕಿಟ್ಟಿನ ಮೇಲೆ ಕೆಲಸ ಮಾಡುತ್ತ ಆ ನಿಲುವಿಗೆ ಹೇಗೆ ಬಂದೆ, ಅದನ್ನು ಉಳಿಸಿಕೊಳ್ಳಲು ಏನೇನು ಮಾಡಬೇಕಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಿಟ್ಟಿನ ವಿಚಾರ. ಹಂಗೇರಿಯಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ನಿಕೋಲಸ್ ಕೋವ್ 1939ರಲ್ಲಿ ಏರ್‌ಫಿಕ್ಸ್ ಕಂಪನಿಯನ್ನು ಆರಂಭಿಸಿದರು. 1950ರ ದಶಕದ ಆರಂಭದಲ್ಲಿ ಒಂದು ಹಾಯಿಹಡಗು, ಅದರ ಬೆನ್ನಿಗೆ ಒಂದು ಸ್ಪಿಟ್‌ಫೈರ್ ವಿಮಾನ ಹೀಗೆ ಜೋಡಿಸುವ ಕಿಟ್‌ಗಳ ದಾರಿ ತೆರೆಯಿತು. ಡಕೋಟಾ ಬರುವ ಹೊತ್ತಿಗೆ ಕಂಪನಿ ದೊಡ್ಡ ವಿಮಾನಗಳಿಗೆ ಕೈಹಾಕುವಷ್ಟು ಬೆಳೆದಿತ್ತು. ಅಳತೆ 72ಕ್ಕೆ 1, ಅಂದರೆ ನಿಜವಾದ ವಿಮಾನದ 6 ಅಡಿ ಮಾದರಿಯಲ್ಲಿ 1 ಅಂಗುಲ. ಬಂಧುಗಳೊಬ್ಬರ ಅಟ್ಟದಲ್ಲಿ ಹತ್ತಾರು ವರ್ಷ ಉಳಿದಿದ್ದ ಪೆಟ್ಟಿಗೆ ಕೈಗೆ ಬಂದಾಗ ಅದರ ಮೂಲೆಗಳು ಸವೆದಿದ್ದವು, ನೀರಿನಲ್ಲಿ ನೆನೆಸಿ ಅಂಟಿಸುವ ಗುರುತಿನ ಹಾಳೆ ಹಳದಿಗಟ್ಟಿತ್ತು, ಆದರೆ ಬಿಡಿಭಾಗಗಳು ಒಂದೂ ತಪ್ಪದೆ ಕಡ್ಡಿಗಳಿಗೆ ಅಂಟಿಕೊಂಡೇ ಇದ್ದವು. ಪ್ಲಾಸ್ಟಿಕ್ಕು ಬೆಳ್ಳಿ ಬಣ್ಣದ್ದು. ಬಣ್ಣದ ಹರಳುಗಳು ಬೆರೆತ ಪಾಲಿಸ್ಟೈರೀನ್ ಅಚ್ಚಿನೊಳಗೆ ಹರಿದ ದಾರಿಯೆಲ್ಲ ಸುಳಿಸುಳಿಯಾಗಿ ಹೊರಮೈಯಲ್ಲಿ ಕಾಣುತ್ತದೆ. ಇಂಥ ಪ್ಲಾಸ್ಟಿಕ್ಕನ್ನು ಬಣ್ಣ ಬಳಿಯದೆ ಬಿಡಲಾಗದು.

ಆ ಕಾಲದ ಕಿಟ್‌ಗಳಲ್ಲಿ ಗೆರೆಗಳೂ ರಿವೆಟ್‌ಗಳೂ ಏಕೆ ಉಬ್ಬಿಕೊಂಡಿರುತ್ತವೆ ಎಂಬುದಕ್ಕೆ ಅಚ್ಚಿನಲ್ಲಿಯೇ ಉತ್ತರವಿದೆ. ಅಚ್ಚು ಎಂಬುದು ವಸ್ತುವಿನ ತಿರುವುಮುರುವು. ಮಾದರಿಯ ಮೇಲೆ ಒಂದು ಗುಬಟು ಬೇಕಾದರೆ ಉಕ್ಕಿನ ಅಚ್ಚಿನಲ್ಲಿ ಒಂದು ಕುಳಿ ತೆಗೆದರೆ ಸಾಕು. ಅದೇ ಮಾದರಿಯ ಮೇಲೆ ಒಂದು ತಗ್ಗುಗೆರೆ ಬೇಕೆಂದರೆ, ಅಚ್ಚಿನಲ್ಲಿ ಆ ಗೆರೆಯನ್ನು ಕೂದಲೆಳೆಯ ಏಣಾಗಿ ಉಳಿಸಿಕೊಂಡು ಸುತ್ತಲಿನ ಉಕ್ಕನ್ನೆಲ್ಲ ಕೆತ್ತಿ ತೆಗೆಯಬೇಕು. ಕೈಯಲ್ಲಿ ಅಚ್ಚು ಕೆತ್ತುತ್ತಿದ್ದ ದಿನಗಳಲ್ಲಿ ಮೊದಲನೆಯದು ಸಾಧ್ಯವಾದ ಕೆಲಸ, ಎರಡನೆಯದು ಬಹಳ ಕಷ್ಟದ್ದು. ಹಾಗಾಗಿ ನನ್ನ ಮೇಜಿನ ಮೇಲಿರುವ ಈ ರೆಕ್ಕೆಯ ಪ್ರತಿಯೊಂದು ಗುಬಟಿನ ಹಿಂದೆಯೂ ಉಕ್ಕಿನಲ್ಲಿ ಒಬ್ಬ ಕೆಲಸಗಾರ ಇಳಿಸಿದ ಒಂದು ಕುಳಿಯಿದೆ. ಇದನ್ನು ತಿಳಿದ ಮೇಲೆ ಉಪ್ಪುಕಾಗದ ಹಿಡಿದ ಕೈ ಸ್ವಲ್ಪ ತಡೆಯುತ್ತದೆ. ಆದರೆ ಹಳೆಯ ಕೆಲಸದ ಮೇಲಿನ ಗೌರವವೊಂದೇ ಕಾರಣವಾಗಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಮಾದರಿ ಎಂದ ಮೇಲೆ ಅದು ನಿಜವಾದ ವಿಮಾನಕ್ಕೆ ಹೊಂದಬೇಕು, ಇಲ್ಲವಾದರೆ ಗೌರವದ ಮಾತಿಗೆ ಬೆಲೆಯಿಲ್ಲ.

ನಿಜವಾದ ವಿಮಾನ ಹೇಗಿತ್ತು? ಡಗ್ಲಾಸ್ ಕಂಪನಿಯ ಡಿಸಿ-3 ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು. ಅದೇ ವಿಮಾನ ಎರಡನೆಯ ಮಹಾಯುದ್ಧದಲ್ಲಿ ಸಿ-47 ಎಂಬ ಹೆಸರಿನಲ್ಲಿ ಸೈನ್ಯದ ಸರಕು ಹೊತ್ತಿತು. ಬ್ರಿಟಿಷರು ಅದಕ್ಕೆ ಡಕೋಟಾ ಎಂದು ಹೆಸರಿಟ್ಟರು, ನಮ್ಮಲ್ಲಿಯೂ ಆ ಹೆಸರೇ ನಿಂತಿತು. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 29 ಮೀಟರ್, ಮೂಗಿನಿಂದ ಬಾಲಕ್ಕೆ 19 ಮೀಟರಿಗೆ ತುಸು ಹೆಚ್ಚು. ನಂಜನಗೂಡು ರಸ್ತೆಯಲ್ಲಿ ಹೋಗುವಾಗ ಮಂಡಕಳ್ಳಿಯಲ್ಲಿ ಇಳಿಯುವ ಎಟಿಆರ್ 72 ವಿಮಾನವನ್ನು ನೋಡಿದವರಿಗೆ ಈ ಅಳತೆಯ ಅಂದಾಜು ಸುಲಭವಾಗಿ ಸಿಗುತ್ತದೆ: ಎಟಿಆರ್‌ನ ಉದ್ದ 27 ಮೀಟರ್, ರೆಕ್ಕೆಯೂ 27 ಮೀಟರ್. ಡಕೋಟಾ ಅದಕ್ಕಿಂತ ಬಹಳ ಗಿಡ್ಡ, ಆದರೆ ಅದರ ರೆಕ್ಕೆ ಎಟಿಆರ್‌ನದಕ್ಕಿಂತ ಎರಡು ಮೀಟರ್ ಅಗಲ. 72ಕ್ಕೆ 1ರ ಅಳತೆಯಲ್ಲಿ ಆ ರೆಕ್ಕೆ 40 ಸೆಂಟಿಮೀಟರ್ ಆಗುತ್ತದೆ. ಅಷ್ಟು ದೊಡ್ಡ ಮೈ ಎಂದರೆ ಅಷ್ಟು ರಿವೆಟ್ ಎಂದೂ ಅರ್ಥ.

ಇದನ್ನು ಭಾರತೀಯ ವಾಯುಪಡೆಯ ಡಕೋಟಾ ಆಗಿಯೇ ಕಟ್ಟಬೇಕು ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. 1947ರ ಅಕ್ಟೋಬರ್ 27ರಂದು ದೆಹಲಿಯಿಂದ ಸಿಖ್ ರೆಜಿಮೆಂಟಿನ ಮೊದಲ ಬೆಟಾಲಿಯನ್ನನ್ನು ಶ್ರೀನಗರಕ್ಕೆ ಇಳಿಸಿದ್ದು ಡಕೋಟಾಗಳು. ಮರುವರ್ಷ, 1948ರ ಮೇ 24ರಂದು, ಏರ್ ಕಮೊಡೋರ್ ಮೆಹರ್ ಸಿಂಗ್ ಅವರು ಜೋಜಿಲಾ, ಫೋತುಲಾ ಕಣಿವೆಗಳನ್ನು ದಾಟಿ ಲೇಹ್‌ನ ಮರಳುನೆಲದಲ್ಲಿ ಇಂಥದೇ ಒಂದು ವಿಮಾನವನ್ನು ಇಳಿಸಿದರು. ಸಮುದ್ರಮಟ್ಟದಿಂದ 10,000 ಅಡಿಗೂ ಮೇಲಿನ ಆ ಇಳಿದಾಣವನ್ನು ಸಿಂಧೂ ನದಿಯ ಬದಿಯಲ್ಲಿ ಕೆಲವೇ ವಾರಗಳಲ್ಲಿ ಸಿದ್ಧಪಡಿಸಿದವರು ಲಡಾಖಿನ ಎಂಜಿನಿಯರ್ ಸೋನಮ್ ನೋರ್ಬು. ಅಂದು ಆ ವಿಮಾನದೊಳಗೆ ಕೂತಿದ್ದವರು ನಮ್ಮ ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಡಕೋಟಾದ ಕ್ಯಾಬಿನ್ನಿನೊಳಗೆ ಗಾಳಿಯ ಒತ್ತಡವನ್ನು ಕಾಯುವ ವ್ಯವಸ್ಥೆ ಇರಲಿಲ್ಲ. ಪರ್ವತದ ತೆಳುಗಾಳಿಯೇ ಒಳಗೂ ಇತ್ತು. ಹಳೆಯ ಮೈಸೂರು ಸಂಸ್ಥಾನಕ್ಕೂ ಈ ವಿಮಾನದ ನಂಟಿದೆ. ಸಂಸ್ಥಾನದ ಪಾಲುಗಾರಿಕೆಯಲ್ಲಿ 1940ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧದ ವರ್ಷಗಳಲ್ಲಿ ಅಮೆರಿಕನ್ ಸೇನೆಯ ವಿಮಾನಗಳನ್ನು ದುರಸ್ತಿ ಮಾಡಿತು, ಯುದ್ಧ ಮುಗಿದ ಮೇಲೆ ಮಿಕ್ಕುಳಿದ ಡಕೋಟಾಗಳನ್ನು ನಾಗರಿಕ ಬಳಕೆಗೆ ಸಜ್ಜುಗೊಳಿಸಿತು. ಅಂದರೆ ಈ ವಿಮಾನದ ರಿವೆಟ್‌ಗಳನ್ನು ಬಡಿದ ಕೈಗಳಲ್ಲಿ ನಮ್ಮ ಕಡೆಯವರ ಕೈಗಳೂ ಇದ್ದವು.

ಈಗ ಲೆಕ್ಕಕ್ಕೆ ಬರೋಣ. ಕಿಟ್ಟಿನ ಮೇಲಿನ ಒಂದು ರಿವೆಟ್‌ನ ಅಗಲವನ್ನು ಭೂತಗನ್ನಡಿಯ ಕೆಳಗೆ ಅಳೆದರೆ ಸುಮಾರು 0.3 ಮಿಲಿಮೀಟರ್ ಬರುತ್ತದೆ. ಅದನ್ನು 72ರಿಂದ ಗುಣಿಸಿದರೆ 21.6 ಮಿಲಿಮೀಟರ್, ನಿಜವಾದ ವಿಮಾನದ ಮೇಲೆ ಅಷ್ಟಷ್ಟು ದೂರಕ್ಕೆ ಒಂದು ರೂಪಾಯಿಯ ನಾಣ್ಯಗಳನ್ನು ಅಂಟಿಸಿದಂತೆ. ನಿಜವಾದ ರಿವೆಟ್‌ನ ತಲೆ ಅದರ ಅರ್ಧದಷ್ಟೂ ಇರಲಿಲ್ಲ. ಉಜ್ಜಿ ತೆಗೆಯಬೇಕೆನ್ನುವವರ ವಾದಕ್ಕೆ ಈ ಲೆಕ್ಕವೇ ಆಧಾರ, ಆ ಲೆಕ್ಕ ಸರಿಯೂ ಹೌದು. ಆದರೆ ಅವರು ಅದಕ್ಕೆ ಬದಲಾಗಿ ಮಾಡುವುದೇನು? ನುಣುಪಾದ ಮೈಮೇಲೆ ತಗ್ಗುಗೆರೆ ಕೊರೆಯುತ್ತಾರೆ. ಏರ್‌ಫಿಕ್ಸ್ ಕಂಪನಿಯೇ 2014ರಲ್ಲಿ ಹೊಸ ಅಚ್ಚಿನಿಂದ ತಂದ ಡಕೋಟಾ ಕಿಟ್ಟಿನಲ್ಲಿಯೂ ಗೆರೆಗಳು ಕೊರೆದಂತೆಯೇ ಇವೆ. ಅದು ಬಹಳ ಒಳ್ಳೆಯ ಕಿಟ್. ಒಡಲಿನ ಆಕಾರದಲ್ಲಿ, ಒಳಾಂಗಣದಲ್ಲಿ ಹಳೆಯದು ಅದರ ಹತ್ತಿರ ಸುಳಿಯಲಾರದು. ಆದರೆ ಡಕೋಟಾದ ಅಲ್ಯೂಮಿನಿಯಂ ಹಾಳೆಗಳು ಬಹುಪಾಲು ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ಬರುವಂತೆ ಹೊದಿಸಿದವು, ಅವುಗಳನ್ನು ಹಿಡಿದ ರಿವೆಟ್‌ಗಳ ತಲೆ ಹೊರಮೈಯಲ್ಲಿ ಉಬ್ಬಿಯೇ ಇರುತ್ತದೆ. ಸ್ಪಿಟ್‌ಫೈರ್‌ನ ರೆಕ್ಕೆಯಂತೆ ನುಣುಪಾದ ಮೈ ಇದರದಲ್ಲ. ಇಂಗ್ಲೆಂಡಿನಲ್ಲಿ ದುರಸ್ತಿಗೊಂಡು 2018ರಲ್ಲಿ ವಾಯುಪಡೆಗೆ ಮರಳಿ ಬಂದ 'ಪರಶುರಾಮ' ಎಂಬ ಡಕೋಟಾದ ಹತ್ತಿರದ ಚಿತ್ರಗಳನ್ನು ನೋಡಿದರೆ ಇದು ತಾನೇ ಗೊತ್ತಾಗುತ್ತದೆ. ಅಂದಮೇಲೆ ಹಳೆಯ ಕಿಟ್ ಹೇಳುತ್ತಿರುವುದು ನಿಜವನ್ನೇ, ತುಸು ಗಟ್ಟಿಯಾದ ದನಿಯಲ್ಲಿ. ದನಿ ತಗ್ಗಿಸಿದರೆ ಸಾಕು.

ಈ ಮಾತಿಗೆ ನನಗೆ ಇನ್ನೊಂದು ಸಾಕ್ಷಿಯೂ ಸಿಕ್ಕಿತು. ಕುವೆಂಪುನಗರದಲ್ಲಿ ವಾಯುಪಡೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಸೇವೆಯ ಹಲವು ವರ್ಷ ಡಕೋಟಾಗಳ ನಿರ್ವಹಣೆಯಲ್ಲಿ ಕಳೆದವರು, ಈಗ ಎಂಬತ್ತು ದಾಟಿದ್ದಾರೆ. ಇನ್ನೂ ಅಂಟಿಸದ ಎಡಗಡೆಯ ರೆಕ್ಕೆಯನ್ನು ಅವರ ಕೈಗೆ ಕೊಟ್ಟು, "ಸಾರ್, ಇದನ್ನೆಲ್ಲ ನುಣ್ಣಗೆ ಉಜ್ಜಿಬಿಡಲೇ?" ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಹೆಬ್ಬೆರಳನ್ನು ರೆಕ್ಕೆಯ ಮೇಲೆ ನಿಧಾನವಾಗಿ ಆಡಿಸಿದರು. "ಇಷ್ಟು ದಪ್ಪ ಇರ್ಲಿಲ್ಲ ಕಣಪ್ಪ, ಅದು ನಿಜ. ಆದ್ರೆ ಕತ್ತಲೇಲಿ ಟಾರ್ಚ್ ಇಲ್ದೆ ರೆಕ್ಕೆ ಮೇಲೆ ಕೈ ಆಡ್ಸಿದ್ರೂ ಸಾಲು ಬೆರಳಿಗೆ ಸಿಗೋದು. ಸಡಿಲ ಆಗಿದ್ದ ರಿವೆಟ್ಟೂ ಹಂಗೇ ಗೊತ್ತಾಗೋದು, ಅದರ ಸುತ್ತ ಕಪ್ಪಗೆ ಮಸಿ ಹಿಡ್ದಿರೋದು. ನುಣ್ಣಗೆ ಮಾಡ್ಬಿಟ್ರೆ ಅದು ಬೇರೆ ವಿಮಾನ ಆಗತ್ತೆ," ಎಂದರು. ಸಡಿಲವಾದ ರಿವೆಟ್ ಅದುರಿ ಅದುರಿ ಅಲ್ಯೂಮಿನಿಯಂ ಸವೆದು, ಆ ಪುಡಿ ಎಣ್ಣೆಯ ಜೊತೆ ಬೆರೆತು ಹೊರಕ್ಕೆ ಕಪ್ಪು ಗೆರೆ ಎಳೆಯುತ್ತದೆ. ವಿಮಾನದ ಕೆಲಸಗಾರರು ಅದನ್ನು 'ಹೊಗೆಯಾಡುವ ರಿವೆಟ್' ಎನ್ನುತ್ತಾರೆ. ಬಣ್ಣ ಬಳಿಯುವ ಹಂತದಲ್ಲಿ ಎಂಜಿನ್ನಿನ ಹಿಂದಿನ ಸಾಲುಗಳಲ್ಲಿ ಅಂಥ ಕೆಲವನ್ನು ಕಾಣಿಸಬೇಕೆಂದು ಅಲ್ಲಿಯೇ ಗುರುತು ಹಾಕಿಕೊಂಡೆ.

ತಗ್ಗಿಸುವ ಕೆಲಸದಲ್ಲಿ ತಾಳ್ಮೆಗಿಂತ ಹೆಚ್ಚಾಗಿ ಬೇಕಾದದ್ದು ಒಂದು ಅಳತೆಗೋಲು. ಬೆಳ್ಳಿ ಬಣ್ಣದ ಪ್ಲಾಸ್ಟಿಕ್ಕಿನ ಮೇಲೆ ಎಷ್ಟು ಸವೆದಿದೆ ಎಂಬುದು ಕಣ್ಣಿಗೆ ತಿಳಿಯುವುದೇ ಇಲ್ಲ. ಅದಕ್ಕೆ ನಾನು ಅನುಸರಿಸಿದ ಉಪಾಯ ಹೀಗಿದೆ. ಒಂದು ಅಂಗೈಯಷ್ಟು ಜಾಗಕ್ಕೆ ಕಪ್ಪು ಮಾರ್ಕರ್ ಪೆನ್ನಿನಿಂದ ಬಳಿದು ಒಣಗಿಸಬೇಕು. ಆಮೇಲೆ ಕಾರು ಪೇಂಟ್ ಮಾಡುವವರು ಬಳಸುವ 1000ದ ವಾಟರ್ ಪೇಪರನ್ನು (ನೀರಿನಲ್ಲಿ ನೆನೆಸಿ ಬಳಸುವ ನುಣುಪಾದ ಉಪ್ಪುಕಾಗದ) ಪೆನ್ಸಿಲ್ ಅಳಿಸುವ ರಬ್ಬರಿನ ತುಂಡಿಗೆ ಸುತ್ತಿ, ಒಂದು ತೊಟ್ಟು ಸೋಪು ಬೆರೆಸಿದ ನೀರಿನಲ್ಲಿ ಅದ್ದಿ, ಒತ್ತದೆ, ರೆಕ್ಕೆಯ ಉದ್ದಕ್ಕೆ ಎಳೆಯಬೇಕು. ಮೊದಲ ಎಳೆತಗಳಿಗೆ ರಿವೆಟ್‌ಗಳ ತುದಿ ಮಾತ್ರ ಬೆಳ್ಳಗಾಗಿ, ಕಪ್ಪು ನೆಲದ ಮೇಲೆ ಚುಕ್ಕಿಗಳ ಸಾಲು ಮೂಡುತ್ತದೆ. ಎಳೆಯುತ್ತ ಹೋದಂತೆ ಚುಕ್ಕಿ ಅಗಲವಾಗುತ್ತದೆ. ಚುಕ್ಕಿಯ ಸುತ್ತ ಕೂದಲಿನಷ್ಟು ಕಪ್ಪು ಉಂಗುರ ಉಳಿದಿರುವಾಗಲೇ ಕೈ ನಿಲ್ಲಿಸಬೇಕು. ಆ ಉಂಗುರವೂ ಹೋಯಿತೆಂದರೆ ರಿವೆಟ್ ನೆಲಸಮವಾಗುವ ಹಂತಕ್ಕೆ ಬಂದಿದೆ ಎಂದರ್ಥ. ರಬ್ಬರಿಗೆ ಸುತ್ತುವುದಕ್ಕೂ ಕಾರಣವಿದೆ: ರೆಕ್ಕೆಯ ಮುಂಭಾಗ ದುಂಡಗಿದೆ, ಮರದ ತುಂಡನ್ನು ಬಳಸಿದರೆ ಅದು ದುಂಡನ್ನು ಚಪ್ಪಟೆ ಮಾಡುತ್ತದೆ. ಹೀಗೆ ಉಜ್ಜಿದಾಗ ರಿವೆಟ್‌ನ ಅಗಲ ಕಡಿಮೆಯಾಗುವುದಿಲ್ಲ ಎಂಬ ಆಕ್ಷೇಪಣೆ ನ್ಯಾಯವಾದುದೇ. ಆದರೆ ಇಷ್ಟು ಸಣ್ಣ ಅಳತೆಯಲ್ಲಿ ಕಣ್ಣು ನೋಡುವುದು ರಿವೆಟ್ಟನ್ನಲ್ಲ, ಅದರ ನೆರಳನ್ನು. ಎತ್ತರ ತಗ್ಗಿದಂತೆ ನೆರಳು ಕುಗ್ಗುತ್ತದೆ, ಅದರ ಮೇಲೆ ಬಣ್ಣದ ಎರಡು ಮೂರು ತೆಳು ಪದರ ಬಿದ್ದಾಗ ಇನ್ನಷ್ಟು ಕುಗ್ಗುತ್ತದೆ. ಒಂದು ಮೊಳ ದೂರದಿಂದ ನೋಡಿದಾಗ ಅಲ್ಲಿ ರಿವೆಟ್ ಇದೆ ಎಂದು ಅನಿಸಬೇಕು, ಎಣಿಸಲು ಬರಬಾರದು.

ಚುಕ್ಕಾಣಿ, ಬಾಲದ ಎಲಿವೇಟರ್, ರೆಕ್ಕೆಯ ಏಲೆರಾನ್‌ಗಳ ವಿಷಯ ಬೇರೆ. ನಿಜವಾದ ಡಕೋಟಾದಲ್ಲಿ ಈ ಚಲಿಸುವ ಭಾಗಗಳಿಗೆ ಹೊದಿಸಿದ್ದು ಲೋಹವಲ್ಲ, ಬಟ್ಟೆ. ಅಲ್ಲಿ ರಿವೆಟ್ ಸಾಲುಗಳಿಗೆ ಕೆಲಸವಿಲ್ಲ. ಒಳಗಿನ ಪಟ್ಟಿಗಳ ಮೇಲೆ ಬಟ್ಟೆ ಬಿಗಿದು ನಿಂತ ಸಣ್ಣ ಏರಿಳಿತ ಮಾತ್ರ ಇರಬೇಕು. ಅಲ್ಲಿ ಕೈ ಬಿಗಿ ಹಿಡಿಯದೆ ಉಜ್ಜಿದೆ.

ಒಡಲಿನ ಎರಡು ಹೋಳುಗಳನ್ನು ಅಂಟಿಸಿದಾಗ ಬರುವ ಸಂದು ಎಲ್ಲಕ್ಕಿಂತ ಕಠಿಣವಾದದ್ದು. ಹಳೆಯ ಅಚ್ಚಿನ ಹೋಳುಗಳು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ, ಬೆನ್ನಿನ ಉದ್ದಕ್ಕೂ ಒಂದು ಮೆಟ್ಟಿಲು ಉಳಿಯುತ್ತದೆ. ಅಲ್ಲಿಗೆ ನಮ್ಮೂರಿನ ಟಿಂಕರಿಂಗ್ ಗ್ಯಾರೇಜುಗಳಲ್ಲಿ ಬಳಸುವ ಎನ್‌ಸಿ ಪುಟ್ಟಿ ಸಾಕು, ಆದರೆ ತೆಳು ಪದರಗಳಲ್ಲಿ ಹಚ್ಚಬೇಕು. ಅದರೊಳಗಿನ ಥಿನ್ನರ್ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ, ದಪ್ಪಗೆ ಮೆತ್ತಿದರೆ ಒಣಗಿದ ಮೇಲೆ ಆ ಜಾಗ ಕುಸಿಯುತ್ತದೆ. ರೆಕ್ಕೆ ಒಡಲಿಗೆ ಸೇರುವ ಕಡೆ, ಸಂದು ದೊಡ್ಡದಿರುವಲ್ಲಿ, ಫೆವಿಕ್ವಿಕ್ ಹನಿಸಿ ಅದರ ಮೇಲೆ ಅಡುಗೆ ಸೋಡಾ ಉದುರಿಸಿದೆ. ಅದು ತಕ್ಷಣ ಕಲ್ಲಾಗುತ್ತದೆ, ಆದ್ದರಿಂದ ಒಂದು ಗಂಟೆಯೊಳಗೆ ಉಜ್ಜಿ ಮುಗಿಸಬೇಕು; ಮರುದಿನಕ್ಕೆ ಬಿಟ್ಟರೆ ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗಿ, ಸುತ್ತಲಿನದು ಸವೆದು ಅದು ಹಾಗೆಯೇ ಉಳಿಯುತ್ತದೆ.

ಸಂದು ಉಜ್ಜಿದ ಮೇಲೆ ಅದರ ಎರಡೂ ಬದಿಯ ರಿವೆಟ್ ಸಾಲುಗಳು ಪೂರ್ತಿ ಮಾಯವಾಗುವುದನ್ನು ತಡೆಯಲಾಗದು. ಬೇರೆಡೆಯಲ್ಲೆಲ್ಲ ರಿವೆಟ್ ಉಳಿಸಿಕೊಂಡು ಬೆನ್ನಿನ ಮೇಲೆ ಮಾತ್ರ ಬೋಳು ಪಟ್ಟಿ ಬಿಟ್ಟರೆ ಅದು ಗಾಯದ ಕಲೆಯಂತೆ ಕಾಣುತ್ತದೆ. ಇದಕ್ಕೆ ಪರಿಹಾರ ಸಿಕ್ಕಿದ್ದು ದೊಡ್ಡ ಗಡಿಯಾರದ ಹತ್ತಿರದ ಒಂದು ಸಣ್ಣ ವಾಚ್ ರಿಪೇರಿ ಅಂಗಡಿಯಲ್ಲಿ. ಕೆಟ್ಟುಹೋದ ಎಚ್‌ಎಂಟಿ ವಾಚುಗಳ ಹಲ್ಲುಚಕ್ರಗಳನ್ನು ಅಲ್ಲಿನ ಯಜಮಾನರು ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದರು. "ಯಾವ ವಾಚಿಗೆ ಬೇಕು ಸಾರ್?" ಎಂದು ಕೇಳಿದವರಿಗೆ, ವಾಚಿಗಲ್ಲ, ಸಣ್ಣ ಚುಕ್ಕಿಗಳ ಸಾಲು ಒತ್ತುವುದಕ್ಕೆ ಎಂದು ವಿವರಿಸಿದೆ. ಅವರು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಹಲ್ಲುಗಳು ಚೂಪಾಗಿರುವ, ವಕ್ರವಾಗದ ಚಕ್ರವೊಂದನ್ನು ತಾವೇ ಆರಿಸಿ, ಚಿಮಟದಲ್ಲಿ ಹಿಡಿದು ಕಾಗದದಲ್ಲಿ ಸುತ್ತಿ ಕೊಟ್ಟರು. ಚಕ್ರದ ಹಲ್ಲಿನಿಂದ ಹಲ್ಲಿಗೆ ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ. 72ರಿಂದ ಗುಣಿಸಿದರೆ ಒಂದೂಕಾಲು ಅಂಗುಲದ ಆಸುಪಾಸು, ರಿವೆಟ್ ಸಾಲಿಗೆ ಒಪ್ಪುವ ಅಂತರವೇ. ಅದನ್ನು ಒಂದು ಸೂಜಿಯ ಮೇಲೆ ತಿರುಗುವಂತೆ ಕೂರಿಸಿ, ಮರದ ಹಿಡಿಯ ತುದಿಗೆ ಸಿಕ್ಕಿಸಿದೆ. ಅಂಟಿರುವ ಅಲ್ಯೂಮಿನಿಯಂ ಟೇಪನ್ನು ರಟ್ಟಿನ ಮೇಲೆ ಬೆನ್ನು ಮೇಲಾಗಿ ಇಟ್ಟು, ಉಕ್ಕಿನ ಸ್ಕೇಲಿನ ಅಂಚಿಗೆ ಚಕ್ರವನ್ನು ಒಮ್ಮೆ ಉರುಳಿಸಿದರೆ, ಮಗುಚಿದಾಗ ಮೇಲ್ಮೈಯಲ್ಲಿ ನೇರವಾದ ಗುಬಟುಗಳ ಸಾಲು ಎದ್ದಿರುತ್ತದೆ. ಆ ಟೇಪನ್ನು ಎರಡು ಮಿಲಿಮೀಟರ್ ಅಗಲದ ಪಟ್ಟಿಯಾಗಿ ಕತ್ತರಿಸಿ ಬೆನ್ನಿನ ಸಂದಿಯ ಉದ್ದಕ್ಕೂ ಕೂರಿಸಿದೆ. ಪಟ್ಟಿಯ ಅಂಚು ತುಸು ಎದ್ದು ಕಾಣುವುದು ಇಲ್ಲಿ ದೋಷವಲ್ಲ, ಹಾಳೆಯ ಮೇಲೆ ಹಾಳೆ ಹೊದಿಸಿದ ವಿಮಾನದಲ್ಲಿ ಅದು ಇರಬೇಕಾದದ್ದೇ.

ಒಳಾಂಗಣದ ವಿಷಯದಲ್ಲಿ ನನ್ನ ನಿಯಮ ಸರಳ. ಕಾಣುವಷ್ಟನ್ನು ಮಾಡಬೇಕು. ಡಕೋಟಾದ ಎಡಬದಿಯ ಹಿಂಭಾಗದಲ್ಲಿ ಸರಕು ತುಂಬುವ ಅಗಲವಾದ ಬಾಗಿಲಿದೆ. ಅದನ್ನು ತೆರೆದಿಡುವುದೆಂದು ತೀರ್ಮಾನಿಸಿದ ಮೇಲೆ ಆ ಬಾಗಿಲಿನಿಂದ ಕಾಣುವ ನೆಲ, ಎದುರಿನ ಗೋಡೆಯ ಬಳೆಗಳಂಥ ಚೌಕಟ್ಟುಗಳು, ಗೋಡೆಗೆ ಮಡಚುವ ಲೋಹದ ಬೆಂಚು, ಇಷ್ಟನ್ನು ತೆಳುವಾದ ಪ್ಲಾಸ್ಟಿಕ್ ಪಟ್ಟಿಗಳಿಂದ ಕಟ್ಟಿದೆ. ಸೈನಿಕರನ್ನು ಹೊತ್ತೊಯ್ಯುವಾಗ ಈ ಬೆಂಚುಗಳ ಮೇಲೆ ಎರಡೂ ಬದಿಯಲ್ಲಿ ಎದುರುಬದುರಾಗಿ 28 ಜನ ಕೂರುತ್ತಿದ್ದರು. ಬಾಗಿಲಿನಿಂದ ಮುಂದಕ್ಕೆ, ಕತ್ತಲಿರುವಲ್ಲಿ, ಏನನ್ನೂ ಮಾಡಲಿಲ್ಲ, ಮಾಡಿದ್ದರೂ ನೋಡುವವರಿರಲಿಲ್ಲ.

ಎಂಜಿನ್ನುಗಳು ಪ್ರ್ಯಾಟ್ ಅಂಡ್ ವಿಟ್ನಿಯ ಟ್ವಿನ್ ವಾಸ್ಪ್, ತಲಾ 14 ಸಿಲಿಂಡರ್, 1,200 ಅಶ್ವಶಕ್ತಿ. ಮುಂದಿನ ಸಾಲಿನ 7 ಸಿಲಿಂಡರ್‌ಗಳು ಮಾತ್ರ ಎದುರಿನಿಂದ ಕಾಣುತ್ತವೆ. ಹಳೆಯ ಇಯರ್‌ಫೋನ್ ತಂತಿಯೊಳಗಿನ ತಾಮ್ರದ ಎಳೆಗಳಿಂದ ಇಗ್ನಿಷನ್ ತಂತಿಗಳನ್ನು ಹಾಕಿ, ಹೊಗೆಕೊಳವೆಯ ತುದಿಗಳನ್ನು ಸಣ್ಣ ಡ್ರಿಲ್ಲಿನಿಂದ ಟೊಳ್ಳು ಮಾಡಿದೆ. ಎಂಜಿನ್ ಗೂಡಿನ ಮೇಲಿನ ಗಾಳಿಕೊಳವೆ ಮಾತ್ರ ಗಮನಕ್ಕೆ ಅರ್ಹವಾದುದು: ಸೈನ್ಯದ ಡಕೋಟಾಗಳಲ್ಲಿ ಧೂಳಿನ ಫಿಲ್ಟರ್ ಇದ್ದುದರಿಂದ ಅದು ಉದ್ದವಾಗಿರುತ್ತದೆ. ಗಾಲಿಗಳ ಗೂಡಿಗೆ ಈ ವಿಮಾನದಲ್ಲಿ ಬಾಗಿಲುಗಳೇ ಇಲ್ಲ, ಮಡಚಿದಾಗಲೂ ಅರ್ಧ ಗಾಲಿ ಹೊರಗೇ ಉಳಿಯುತ್ತದೆ. ಹೊಟ್ಟೆ ಊರಿ ಇಳಿಯಬೇಕಾಗಿ ಬಂದಾಗ ಅದರಿಂದ ಅನುಕೂಲವೇ ಆಗುತ್ತಿತ್ತು. ಗಾಲಿಯ ಅಡಿಭಾಗವನ್ನು ಸ್ವಲ್ಪ ಚಪ್ಪಟೆಯಾಗಿ ಉಜ್ಜಿದ್ದರಿಂದ ವಿಮಾನಕ್ಕೆ ತೂಕ ಬಂದಂತಾಯಿತು.

ಕಿಟಕಿಗಳಿಗೆ ಕಿಟ್ಟಿನ ಪಾರದರ್ಶಕ ತುಂಡುಗಳನ್ನು ಬಳಸಲಿಲ್ಲ. ಅವು ದಪ್ಪವಾಗಿದ್ದು, ಅಂಚಿನಲ್ಲಿ ಬೆಳಕನ್ನು ಬಾಗಿಸುತ್ತವೆ. ಹೊಸ ಅಂಗಿಯ ಪೆಟ್ಟಿಗೆಯ ಮೇಲಿರುವ ಪಾರದರ್ಶಕ ಹಾಳೆಯನ್ನು ಕತ್ತರಿಸಿ ಒಳಗಿನಿಂದ ಕೂರಿಸಿದೆ. ಸಿ-47ರ ಪ್ರತಿ ಕಿಟಕಿಯ ನಟ್ಟನಡುವೆ ಒಂದು ದುಂಡು ರಂಧ್ರ, ಅದಕ್ಕೆ ರಬ್ಬರಿನ ಬಿರಡೆ ಇರುತ್ತಿತ್ತು. ಅದನ್ನು ತೆಗೆದು ಒಳಗಿನ ಸೈನಿಕರು ಬಂದೂಕಿನ ನಳಿಕೆಯನ್ನು ಹೊರಚಾಚಬಹುದಿತ್ತು. ಪ್ರತಿ ಕಿಟಕಿಯ ನಡುವೆ ಒಂದು ಕಪ್ಪು ಚುಕ್ಕಿಯಿಟ್ಟರೆ ಸಾಕು, ನೋಡಿದವರು ಅದೇನೆಂದು ಕೇಳುತ್ತಾರೆ.

ಬಣ್ಣದ ಕೆಲಸವನ್ನು ಚಳಿಗಾಲದ ಒಣ ಬೆಳಗಿನವರೆಗೆ ತಡೆಹಿಡಿದೆ. ಆಷಾಢದ ಸೋನೆಯಲ್ಲಿ ಲ್ಯಾಕರ್ ಬಣ್ಣ ಸಿಂಪಡಿಸಿದರೆ, ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಬಣ್ಣದೊಳಗೆ ಹಾಲಿನಂಥ ಬಿಳುಪು ಸಿಕ್ಕಿಕೊಳ್ಳುತ್ತದೆ. ನಾನು ಆರಿಸಿದ್ದು ಬಣ್ಣ ಬಳಿಯದ ಅಲ್ಯೂಮಿನಿಯಂ ಮೈಯ ವಿಮಾನ, 1950ರ ನಂತರದ್ದು. ಲೋಹದ ಹೊಳಪು ಬರಬೇಕಾದರೆ ಕೆಳಗೆ ಹೊಳೆಯುವ ಕಪ್ಪು ಬೇಕು. ಆ ಕಪ್ಪು ಕನ್ನಡಿಯಂತೆ ಆದ ಮೇಲೆ ಅದರ ಮೇಲೆ ಅಲ್ಯೂಮಿನಿಯಂ ಬಣ್ಣವನ್ನು ಏರ್‌ಬ್ರಷ್‌ನಿಂದ ಮಂಜಿನಷ್ಟು ತೆಳುವಾಗಿ ಎರಚಬೇಕು. ಕೆಲವು ಹಾಳೆಗಳು ತುಸು ಕಪ್ಪಾಗಿ, ಕೆಲವು ಬೆಳ್ಳಗೆ ಕಾಣಬೇಕಾದ್ದರಿಂದ ಟೇಪಿನಿಂದ ಮರೆಮಾಡಿ ಮತ್ತೆ ಮತ್ತೆ ಎರಚಬೇಕಾಗುತ್ತದೆ. ಉಬ್ಬಿದ ರಿವೆಟ್‌ಗಳ ಮೇಲೆ ಟೇಪು ಪೂರ್ತಿ ಕೂರದೆ ಎರಡು ಗುಬಟುಗಳ ನಡುವಿನಿಂದ ಬಣ್ಣ ಒಳನುಗ್ಗುತ್ತದೆ. ಟೇಪಿನ ಅಂಚಿಗೆ ಮೊದಲು ಬಣ್ಣವಿಲ್ಲದ ವಾರ್ನಿಷನ್ನು ಎರಚಿದರೆ ಆ ಸಂದುಗಳಿಗೆಲ್ಲ ಅದೇ ತುಂಬಿಕೊಂಡು ದಾರಿ ಮುಚ್ಚುತ್ತದೆ. ಬಟ್ಟೆ ಹೊದಿಸಿದ ಭಾಗಗಳಿಗೆ ಹೊಳಪಿಲ್ಲದ ಬೇರೆ ಬೆಳ್ಳಿ ಬಣ್ಣ; ಮೈ ಲೋಹ, ಚುಕ್ಕಾಣಿ ಬಟ್ಟೆ ಎಂಬ ವ್ಯತ್ಯಾಸ ದೂರಕ್ಕೂ ಕಾಣುವುದು ಇದರಿಂದಲೇ.

ವಾಯುಪಡೆಯ ಚಕ್ರಾಕಾರದ ಗುರುತು ಗಣರಾಜ್ಯವಾದ ಮೇಲೆ ಬಂದದ್ದು: ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಅದನ್ನು ಮುದ್ರಿಸಿ ಅಂಟಿಸುವುದು ಸುಲಭ, ಆದರೆ ಅಂಟಿಸಿದ ಪದರ ರಿವೆಟ್‌ಗಳ ಮೇಲೆ ಡೇರೆಯಂತೆ ನಿಲ್ಲುತ್ತದೆ, ಅದರ ಕೆಳಗೆ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಮಿನುಗುತ್ತದೆ. ಇಷ್ಟೆಲ್ಲ ಮಾಡಿ ಉಳಿಸಿಕೊಂಡ ರಿವೆಟ್‌ಗಳು ಗುರುತಿನ ಜಾಗದಲ್ಲಿ ಮಾತ್ರ ಮುಚ್ಚಿಹೋಗುವುದು ನನಗೆ ಬೇಡವಾಗಿತ್ತು. ಆದ್ದರಿಂದ ಬಣ್ಣದಲ್ಲಿಯೇ ಬರೆದೆ. ಕೈವಾರಕ್ಕೆ ಬ್ಲೇಡಿನ ಚೂರು ಕಟ್ಟಿ ಟೇಪಿನಲ್ಲಿ ವೃತ್ತಗಳನ್ನು ಕತ್ತರಿಸಿ, ಮೊದಲು ಇಡೀ ವೃತ್ತಕ್ಕೆ ಬಿಳಿ, ಆಮೇಲೆ ಹೊರಬಳೆಗೆ ಕೇಸರಿ, ಕೊನೆಗೆ ನಡುವಿಗೆ ಹಸಿರು. ಬಿಳಿಯ ತಳವಿಲ್ಲದೆ ಬೆಳ್ಳಿಯ ಮೇಲೆ ನೇರವಾಗಿ ಕೇಸರಿ ಎರಚಿದರೆ ಅದು ಮಸುಕಾದ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಈಗ ಆ ಗುರುತಿನ ಮೇಲೂ ಸಾಲುಗಳು ಒಂದೇ ಸಮನೆ ಹಾದುಹೋಗುತ್ತವೆ.

ಕೆಲಸ ಬಹುಪಾಲು ಮುಗಿದ ಮೇಲೆ ವಿಮಾನವನ್ನು ಕುವೆಂಪುನಗರಕ್ಕೆ ಒಯ್ದೆ. ಹಿರಿಯರು ಗುರುತುಗಳ ಬಗ್ಗೆಯಾಗಲಿ ಹೊಳಪಿನ ಬಗ್ಗೆಯಾಗಲಿ ಏನನ್ನೂ ಹೇಳದೆ, ತೆರೆದ ಸರಕು ಬಾಗಿಲಿನ ಹತ್ತಿರ ಕಣ್ಣು ತಂದು, "ಈ ಹೊಸ್ತಿಲು ಹಿಂಗೆ ಹಸಿರಾಗಿ ಇರ್ತಿರ್ಲಿಲ್ಲ ನೋಡಪ್ಪ. ಬೂಟು, ಪೆಟ್ಟಿಗೆ, ಡ್ರಮ್ಮು, ಎಲ್ಲ ಇದರ ಮೇಲೇ ಎಳೀತಿದ್ವಿ. ಬಣ್ಣ ಎಲ್ಲಿ ಉಳೀತಿತ್ತು?" ಎಂದರು. ಬಾಗಿಲಿನ ಅಂಚಿನ ನಡುಭಾಗದಲ್ಲಿ ಒಂದು ಗೇಣಗಲ, ಅಂದರೆ ಮಾದರಿಯಲ್ಲಿ ಮೂರು ಮಿಲಿಮೀಟರ್, ಬಣ್ಣ ಸವೆದು ಲೋಹ ಕಾಣಬೇಕೆಂದು ಉಗುರಿನಿಂದ ತೋರಿಸಿದರು. ಅದನ್ನು 2000ದ ಕಾಗದದ ಮೂಲೆಯಿಂದ ಉಜ್ಜಿ, ಮೇಲೆ ಒಂದಿಷ್ಟು ಪೆನ್ಸಿಲ್ ಪುಡಿ ಸವರಿದ್ದೇನೆ. ಇನ್ನು ಉಳಿದಿರುವುದು ಆಂಟೆನಾ ತಂತಿ ಮಾತ್ರ. ಬಿಡಿಭಾಗಗಳನ್ನು ಹಿಡಿದಿದ್ದ ಬೆಳ್ಳಿ ಬಣ್ಣದ ಕಡ್ಡಿಯನ್ನೇ ಮೋಂಬತ್ತಿಯ ಬಿಸಿಗೆ ಹಿಡಿದು ಎಳೆದರೆ ಅದಕ್ಕೆ ಬೇಕಾದಷ್ಟು ತೆಳುವಾದ ಎಳೆ ಬರುತ್ತದೆ.